ಕಾರ್ಡು ಉಜ್ಜುವ ಹಕ್ಕು

ಮನುಷ್ಯನಿಗೆ ಹಕ್ಕುಗಳು ಅನೇಕ. ಅವುಗಳಲ್ಲಿ ಬಹುಪಾಲು ಅವನಿಗೆ ಗೊತ್ತೇ ಇರುವುದಿಲ್ಲವಾದ್ದರಿಂದ ಸಂಸಾರಗಳು ಹೇಗೋ ನಡೆದುಕೊಂಡು ಹೋಗುತ್ತಿವೆ. ಲಿಂಗರಾಜುವಿನ ಸಂಸಾರವೂ ಹಾಗೇ ನಡೆಯುತ್ತಿತ್ತು, ಅವನು ಕೆಲಸ ಮಾಡುವ ಕಡಕೊಳದ ಕಾರ್ಖಾನೆಯಲ್ಲಿ ಗ್ರಾಹಕ ಜಾಗೃತಿಯ ಬಗ್ಗೆ ಒಂದು ಉಪನ್ಯಾಸ ಏರ್ಪಾಡಾಗುವ ತನಕ.

ಲಿಂಗರಾಜು ಅಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ರಟ್ಟಿನ ಡಬ್ಬದ ಮೇಲೆ ‘ಈ ಭಾಗ ಮೇಲಕ್ಕೆ’ ಎಂದು ಬಾಣದ ಗುರುತಿದ್ದರೆ ಆ ಭಾಗ ನಿಜವಾಗಿಯೂ ಮೇಲಿದೆಯೇ ಎಂದು ನೋಡುವುದು ಅವನ ಕೆಲಸ. ಈ ಕೆಲಸಕ್ಕೆ ಅವನಷ್ಟು ತಕ್ಕ ಮನುಷ್ಯ ಇನ್ನೊಬ್ಬನಿರಲಿಲ್ಲ. ಮನೆಯಲ್ಲಿ ಉಪ್ಪಿನ ಪೊಟ್ಟಣ ತಲೆಕೆಳಗಾಗಿದ್ದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಉಪನ್ಯಾಸದ ದಿನ ಪ್ರೊಜೆಕ್ಟರಿನ ಪ್ಲಗ್ಗು ಸಡಿಲವಾಗಿ, ಅದನ್ನು ಒತ್ತಿ ಹಿಡಿದುಕೊಂಡು ನಿಲ್ಲುವ ಹೊಣೆ ಅವನ ಪಾಲಿಗೆ ಬಂತು. ಪ್ಲಗ್ಗು ಇದ್ದದ್ದು ಬಾಗಿಲ ಹೊರಗೆ. ಬಾಗಿಲೋ, ಗಾಳಿಗೆ ತೆರೆಯುತ್ತ ಮುಚ್ಚುತ್ತ ಇತ್ತು. ಒಳಗೆ ವಕೀಲರೊಬ್ಬರು, “ಯಾವ ಅಂಗಡಿಯವರು ಕಾರ್ಡ್ ಮಷೀನು ಇಟ್ಟಿದ್ದಾರೋ ಅಂಥವರು...” ಎಂದು ವಾಕ್ಯ ಆರಂಭಿಸಿದಾಗ ಬಾಗಿಲು ಮುಚ್ಚಿತ್ತು. “...ಕಾರ್ಡಿಗೆ ಅಂತ ಎರಡು ಪರ್ಸೆಂಟ್ ಜಾಸ್ತಿ ಕೇಳಿದರೆ ಸುಮ್ಮನಿರಬೇಡಿ! ಕಾರ್ಡಿನಲ್ಲಿ ಕೊಡುವುದು ನಿಮ್ಮ ಹಕ್ಕು! ಪ್ರಶ್ನಿಸಿ! ಗ್ರಾಹಕನೇ ದೊರೆ!” ಎನ್ನುವಾಗ ತೆರೆದಿತ್ತು.

ಹೀಗೆ ಲಿಂಗರಾಜುವಿಗೆ ಕಾನೂನಿನ ಹಿಂಭಾಗ ಮಾತ್ರ ದಕ್ಕಿತು. ಅಷ್ಟರಿಂದಲೇ ಅವನು ಒಂದು ಸಿದ್ಧಾಂತಕ್ಕೆ ಬಂದ. ಉದ್ದಿನಬೇಳೆಯೇ ಇರಲಿ, ಮಲ್ಲಿಗೆ ಹೂವೇ ಇರಲಿ, ಕಾರ್ಡು ನೀಡಿದರೆ ತೆಗೆದುಕೊಳ್ಳದೆ ಇರುವ ಅಧಿಕಾರ ಭೂಮಿಯ ಮೇಲೆ ಯಾವ ಅಂಗಡಿಯವನಿಗೂ ಇಲ್ಲ.

ಕಾರ್ಡು ಅವನ ಹತ್ತಿರ ಇತ್ತು. ಬ್ಯಾಂಕಿನವರು ಎಡೆಬಿಡದೆ ಫೋನು ಮಾಡಿ, ನಿಮ್ಮಂಥ ಗಣ್ಯರಿಗೇ ಅಂತ ತೆಗೆದಿಟ್ಟಿದ್ದೇವೆ ಎಂದು ಕೊಟ್ಟಿದ್ದ ಕ್ರೆಡಿಟ್ ಕಾರ್ಡು. ಹೆಂಡತಿ ಮಂಗಳಮ್ಮ ಅದನ್ನು ಬೀರುವಿನಲ್ಲಿ ತನ್ನ ಧಾರೆ ಸೀರೆಯ ಅಡಿಗೆ ಇಟ್ಟಿದ್ದಳು. ಈಗ ಅದು ಲಿಂಗರಾಜುವಿನ ಅಂಗಿಯ ಜೇಬಿಗೆ, ಹೃದಯದ ಪಕ್ಕಕ್ಕೆ ಬಂತು.

“ರೀ, ಅದನ್ನ ಯಾಕ್ರೀ ಆಚೆ ತೆಗುದ್ರಿ?” ಎಂದಳು ಮಂಗಳಮ್ಮ.

“ಹಕ್ಕು ಅನ್ನೋದು ಬೀರುವಿನಲ್ಲಿ ಇಡೋ ವಸ್ತು ಅಲ್ಲ ಮಂಗಳಾ,” ಎಂದ ಲಿಂಗರಾಜು. ಆಮೇಲೆ, ಹೀಗೆ ಹೇಳಿದ್ದು ತುಸು ಹೆಚ್ಚಾಯಿತೇನೋ ಎಂದು ಒಳಗೇ ಅಳುಕಿ, “ಸ್ನಾನಕ್ಕೆ ಹೋಗುವಾಗ ವಾಪಸ್ ಇಡ್ತೀನಿ,” ಎಂದು ಸೇರಿಸಿದ.

ಇಲ್ಲಿ ಎರಡು ಸಂಗತಿ ಹೇಳಬೇಕು. ಒಂದು, ಲಿಂಗರಾಜುವಿನ ಮನೆಯವರು ರಾಜೀವನಗರ ಬಿಟ್ಟು ಬನ್ನಿಮಂಟಪದ ಈ ಬೀದಿಗೆ ಬಾಡಿಗೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬೆಳಿಗ್ಗೆ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಬೂಟಿಗೆ ಪಾಲಿಶ್ ಹಾಕಿ, ಕೊರಳಿನ ಗುರುತಿನ ಚೀಟಿಯನ್ನು ಜೇಬಿನೊಳಗೆ ಇಳಿಬಿಟ್ಟುಕೊಂಡು ಹೋಗುವ ಈ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದು ಬೀದಿಗೆ ಗೊತ್ತಿರಲಿಲ್ಲ. ಎರಡು, ಫೋನಿನಲ್ಲಿ ದುಡ್ಡು ಹಾಕಿಸಿಕೊಂಡ ಸಣ್ಣ ಅಂಗಡಿಗಳಿಗೆ ತೆರಿಗೆಯ ನೋಟೀಸು ಬರುತ್ತಿದೆ ಎಂದು ಊರೆಲ್ಲ ಗುಲ್ಲೆದ್ದಿದ್ದ ಕಾಲ ಅದು. ಗಾಜಿಗೆ ಅಂಟಿಸಿದ್ದ ಸ್ಕ್ಯಾನರ್ ಚೀಟಿಗಳನ್ನೆಲ್ಲ ಅಂಗಡಿಯವರು ಕೆರೆದು ತೆಗೆದು, ಅಲ್ಲಿ ದೇವರ ಪಟ ಅಂಟಿಸಿದ್ದರು. ಭಕ್ತಿ ಹೆಚ್ಚಿತ್ತು.

ಇಂಥ ಕಾಲದಲ್ಲಿ ಲಿಂಗರಾಜು, ಕೃಷ್ಣಪ್ಪನ ದಿನಸಿ ಅಂಗಡಿಗೆ ಹೋಗಿ ಅರ್ಧ ಕೇಜಿ ಹುರಿಗಡಲೆ ಕಟ್ಟಿಸಿಕೊಂಡು ಕಾರ್ಡು ನೀಡಿದ.

ಕೃಷ್ಣಪ್ಪ ಅದನ್ನು ಮುಟ್ಟಲಿಲ್ಲ. “ಇದೇನ್ ಸಾ ಇದು?”

“ಕ್ರೆಡಿಟ್ ಕಾರ್ಡು.”

“ಮಷೀನ್ ಇಲ್ಲ ಕಣ್ ಸಾ. ಕ್ಯಾಶ್ ಕೊಟ್ಬುಡಿ.”

“ಯಾಕಿಲ್ಲ?” ಎಂದ ಲಿಂಗರಾಜು. ಹೀಗೆ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಆದರೆ ‘ಪ್ರಶ್ನಿಸಿ’ ಎಂದು ವಕೀಲರು ಹೇಳಿದ್ದರಲ್ಲ. “ನೋಡಿ ಯಜಮಾನ್ರೇ, ನಿಯಮ ಅಂತ ಒಂದಿದೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.” ಮಷೀನು ಇಟ್ಟರೆ ಲಾಭವೇ ಹೊರತು ನಷ್ಟವಿಲ್ಲ ಎಂದು ಲೆಕ್ಕ ಹಾಕಿ ತೋರಿಸೋಣ ಎಂಬ ಸದುದ್ದೇಶದಿಂದ ಅವನು ಕೇಳಿಯೇಬಿಟ್ಟ: “ನಿಮಗೆ ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ?”

ಕೃಷ್ಣಪ್ಪನ ಕೈಯಲ್ಲಿದ್ದ ಹುರಿಗಡಲೆಯ ಪೊಟ್ಟಣ ತಕ್ಕಡಿಯ ಮೇಲೆ ಕುಸಿಯಿತು.

“ವ್ಯಾಪಾರವಾ? ನನಗಾ?” ಎಂದ ಕೃಷ್ಣಪ್ಪ. ಹಿಂದೆ ಸೂರಿನವರೆಗೆ ಪೇರಿಸಿದ್ದ ಅಕ್ಕಿ ಮೂಟೆಗಳಿಗೆ ಮೈ ಅಡ್ಡ ತಂದು ನಿಂತ. “ಎಲ್ಲೈತೆ ಸಾ ವ್ಯಾಪಾರ? ಮನೇಲಿ ಕೂತ್ರೆ ಹೆಂಡ್ತಿ ಬಯ್ತಾಳೆ ಅಂತ ಇಲ್ಲಿ ಬಂದು ಕೂತ್ಕೋತೀನಿ ಅಷ್ಟೆಯಾ. ಈ ಮೂಟೆಗಳು... ಭಾವಮೈದ ಇಟ್ಟುಹೋಗವ್ನೆ, ಒಳಗೆ ಏನೈತೆ ಅಂತಾನೂ ನಂಗೆ ಗೊತ್ತಿಲ್ಲ.”

“ಗಾಬರಿ ಆಗಬೇಡಿ. ಅಂದಾಜು ಹೇಳಿದ್ರೂ ಸಾಕು.”

“ಸಾ, ಹುರಿಗಡಲೆ ತಗೊಂಡೋಗಿ ಸಾ. ಮಕ್ಕಳು ಮರಿ ತಿಂತವೆ.”

“ದುಡ್ಡು?”

“ನಿಮ್ಮತ್ರ ದುಡ್ಡು ಈಸ್ಕೊಳದಾ!” ಕೃಷ್ಣಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ.

ಪುಕ್ಕಟೆ ತೆಗೆದುಕೊಳ್ಳುವುದು ಲಿಂಗರಾಜುವಿನ ಜಾಯಮಾನವಲ್ಲ. ಪೊಟ್ಟಣವನ್ನು ಅಲ್ಲೇ ಬಿಟ್ಟು, ಕಾರ್ಡನ್ನು ಒರೆಸಿ ಜೇಬಿಗಿಟ್ಟುಕೊಂಡು, “ಇವತ್ತು ಬೇಡ. ಇನ್ನೊಂದಿನ ಬರ್ತೀನಿ. ನೀವೂ ಯೋಚನೆ ಮಾಡಿ ಇಟ್ಟಿರಿ,” ಎಂದು ಸೌಮ್ಯವಾಗಿ ಹೇಳಿ ಹೊರಟ.

ಅವನು ಬೀದಿಯ ತಿರುವು ದಾಟುವ ಮೊದಲೇ ಕೃಷ್ಣಪ್ಪ ಪಕ್ಕದ ಬೀಡಾ ಅಂಗಡಿಯ ನಾಗೇಂದ್ರನ ಕಿವಿಯಲ್ಲಿದ್ದ. “ಯೋಚನೆ ಮಾಡಿ ಇಟ್ಟಿರಿ ಅಂದ ಕಣಪ್ಪಾ! ಇಟ್ಟಿರಿ ಅಂದ್ರೆ ಏನರ್ಥ?”

“ಅಂಗಂದ್ರೆ ಅದೇ ಅರ್ಥ,” ಎಂದ ನಾಗೇಂದ್ರ. “ಸಣ್ಣಪುಟ್ಟದ್ದು ಮುಟ್ಟೋ ಆಸಾಮಿ ಅಲ್ಲ. ಹುರಿಗಡಲೇನ ಅಲ್ಲೇ ಬುಟ್ಟೋದ ಅಂದ್ರೆ ಯಾವ ಲೆವೆಲ್ಲು ನೋಡ್ಕೋ.”

ಮರುದಿನ ಲಿಂಗರಾಜು ಹೂವಿನ ಬೆಟ್ಟಮ್ಮನ ಬುಟ್ಟಿಯ ಮುಂದೆ ನಿಂತ. ಬೆಟ್ಟಮ್ಮ ಹೂವು, ಬಾಳೆಲೆ ಮಾರುವವಳು. ತೆರಿಗೆಗೂ ಹೆದರುವವಳಲ್ಲ, ತೆರಿಗೆಯವರಿಗೂ ಹೆದರುವವಳಲ್ಲ. ಕಾರ್ಡನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, ಮೂಸಿ ನೋಡಿ, “ಇದನ್ನ ಎಲ್ಲಿ ಉಜ್ಜಬೇಕಪ್ಪಾ? ನನ್ನ ಅಂಗಾಲಿಗಾ?” ಎಂದಳು.

“ಮಷೀನು ಇಟ್ಕೋಬೇಕಮ್ಮಾ. ಎಲ್ಲರೂ ಇಟ್ಕೋಬೇಕು.”

“ಒಂದು ಮೊಳ ಹೂವಿಗೆ ಮಷೀನು! ಮೊಳ ಹಾಕಕ್ಕೆ ನನ್ನ ಕೈ ಐತೆ, ಸಾಲ್ದಾ?”

ನಾಗೇಂದ್ರ ಓಡಿಬಂದು ಅವಳ ಕಿವಿಯಲ್ಲಿ ಏನೋ ಉಸುರಿದ. ಬೆಟ್ಟಮ್ಮ ಲಿಂಗರಾಜುವಿನ ಬೂಟು ನೋಡಿದಳು, ಜೇಬಿನೊಳಗೆ ಇಳಿದ ಗುರುತಿನ ಚೀಟಿಯ ದಾರ ನೋಡಿದಳು. ತೆರಿಗೆಗೆ ಹೆದರದವಳಾದರೂ ಫುಟ್‌ಪಾತಿನ ಮೇಲೆ ಕೂತವಳು. ಯಾವ ಇಲಾಖೆಯವರು ಯಾವ ಇಲಾಖೆಯವರಿಗೆ ಹೇಳುತ್ತಾರೆ ಅಂತ ಹೇಳಲಾಗದು. ಎರಡು ಮೊಳ ಮಲ್ಲಿಗೆ ಕತ್ತರಿಸಿ ಅವನ ಕೈಗೆ ತುರುಕಿ, “ಮನೆಯಮ್ಮಂಗೆ ಮುಡ್ಸಪ್ಪ, ಚೆನ್ನಾಗಿರ್ಲಿ,” ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡು ಎದ್ದೇ ಹೋದಳು. ಕಾಸು ಕೊಡಲು ಲಿಂಗರಾಜು ಹಿಂದೆ ಓಡಿದ. ಬೆಟ್ಟಮ್ಮ ಇನ್ನೂ ಜೋರಾಗಿ ಓಡಿದಳು.

ಅಲ್ಲಿಂದ ಮುಂದೆ ಬೀದಿಯ ನಡವಳಿಕೆಯಲ್ಲಿ ಅಗಾಧ ಬದಲಾವಣೆ ಕಂಡಿತು. ಮಂಗಳಮ್ಮ ಸೊಪ್ಪಿಗೆ ಹೋದರೆ ಕೇಳದೆಯೇ ಕೊತ್ತಂಬರಿ ಬೀಳತೊಡಗಿತು. ತೂಕದ ತಟ್ಟೆ ಅವಳ ಕಡೆಗೆ ನೆಲ ಮುಟ್ಟುವಷ್ಟು ವಾಲತೊಡಗಿತು. ಹಿಂದೆ ‘ಏನಮ್ಮಾ’ ಎನ್ನುತ್ತಿದ್ದವರು ‘ಮೇಡಂ’ ಎಂದರು.

“ಈ ಬೀದಿಯೋರು ಅದೆಷ್ಟು ಒಳ್ಳೇವ್ರು ಅಂತೀರಿ!” ಎಂದಳು ಅವಳು.

“ಒಳ್ಳೆಯವರಲ್ಲ. ಜಾಗೃತರಾಗಿದ್ದಾರೆ,” ಎಂದ ಲಿಂಗರಾಜು. “ಒಬ್ಬ ಪ್ರಶ್ನೆ ಕೇಳಿದರೆ ಸಾಕು, ಗ್ರಾಹಕ ದೊರೆ ಆಗ್ತಾನೆ. ವಕೀಲರು ಹೇಳಿದ್ದರು.” ಒಬ್ಬನ ಕೈಯಿಂದ ಒಂದು ಬೀದಿ ಉದ್ಧಾರವಾಗುವುದೆಂದರೆ ಸಾಮಾನ್ಯವಲ್ಲ. ಅವನಿಗೆ ಆ ದಿನ ಉಪ್ಪಿನ ಪೊಟ್ಟಣದ ನೆನಪೂ ಆಗಲಿಲ್ಲ.

ಹೀಗಿರುವಾಗ ಪಿತೃಪಕ್ಷ ಬಂತು. ಮಾಲಯ ಅಮಾವಾಸ್ಯೆಯ ದಿನ ಹಿರಿಯರ ಹಬ್ಬ. ತೀರಿಹೋದವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ಮನೆಯವರು ಆಚೆ ನಿಲ್ಲಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ. ಅವರು ಉಣ್ಣುವವರೆಗೆ ಇವರು ತೊಟ್ಟು ನೀರೂ ಮುಟ್ಟುವಂತಿಲ್ಲ. ಎಡೆಯಲ್ಲಿ ಒಂದು ಸಾಮಾನು ತಪ್ಪಿದರೂ ಹಿರಿಯರು ಬರಿಹೊಟ್ಟೆಯಲ್ಲಿ ತಿರುಗಿ ಹೋಗಿ ವರ್ಷವಿಡೀ ಮುನಿಸಿಕೊಂಡಿರುತ್ತಾರೆ. ಲಿಂಗರಾಜುವಿನ ತಂದೆ ಮಹದೇವಯ್ಯನವರು ಬದುಕಿದ್ದಾಗಲೇ ಮುನಿಸಿಗೆ ಹೆಸರಾದವರು. ಸತ್ತ ಮೇಲೆ ಸುಧಾರಿಸಿದ್ದಾರೆ ಎಂದು ನಂಬಲು ಆಧಾರವಿರಲಿಲ್ಲ. ಹಿಂದಿನ ವರ್ಷ ಎಡೆಗೆ ಬೀಡಿ ಮರೆತಿದ್ದಕ್ಕೇ ಲಿಂಗರಾಜುವಿನ ಬಡ್ತಿ ತಪ್ಪಿತು ಎಂಬುದು ತಾಯಿ ಪುಟ್ಟಮಾದಮ್ಮನ ದೃಢವಾದ ಅಭಿಪ್ರಾಯ.

ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಬಾಡಿನ ಸಾರು ಕುದಿಯುತ್ತಿತ್ತು. ಕಜ್ಜಾಯ ಬೆಂದಿತ್ತು. ಹೊಸ ಪಂಚೆಯನ್ನು ಕಳಶದ ಹತ್ತಿರ ಮಡಿಸಿ ಇಟ್ಟಿತ್ತು. ಬಾಕಿ ಇದ್ದದ್ದು ಲಿಂಗರಾಜು ತರಬೇಕಾದದ್ದು ಮಾತ್ರ: ಬಾಳೆಲೆ, ಹೂವು, ಕಡ್ಲೆಪುರಿ, ಮತ್ತೆ ಅಪ್ಪನ ಬೀಡಿ.

“ಲೋ ಲಿಂಗ್ರಾಜು, ಬಿರ್ನೆ ಬಾ. ನಂಗೆ ತಲೆ ಸುತ್ತುತೈತೆ,” ಎಂದಳು ಪುಟ್ಟಮಾದಮ್ಮ ಗೋಡೆಗೊರಗಿ. “ಬೀಡಿ ಮರೀಬ್ಯಾಡ. ಈ ಸಲ ಮರುತ್ರೆ ನಿಮ್ಮಪ್ಪ ಸುಮ್ಕೆ ಬುಡಾಕಿಲ್ಲ.”

ಲಿಂಗರಾಜು ಕಾರ್ಡು ಜೇಬಿಗಿಟ್ಟುಕೊಂಡು ಹೊರಟ. ರಜೆಯಾದರೂ ಬೂಟು ಹಾಕಿಕೊಂಡ. ಅಪ್ಪನ ಕೆಲಸವಲ್ಲವೇ.

ಅವನು ತಿರುವಿನಲ್ಲಿ ಕಾಣಿಸಿದ್ದೇ ತಡ, ಕೃಷ್ಣಪ್ಪನ ಶಟರು ಗಡಗಡನೆ ಇಳಿಯಿತು. ನಾಗೇಂದ್ರನ ಡಬ್ಬಾ ಅಂಗಡಿಯ ಹಲಗೆ ಪಟಾರನೆ ಬಿತ್ತು. ಬೆಟ್ಟಮ್ಮ ಬುಟ್ಟಿಯ ಸಮೇತ, ಅವಳ ಹಿಂದೆಯೇ ನಾಗೇಂದ್ರ, ಕೃಷ್ಣಪ್ಪನ ಶಟರಿನ ಕೆಳಗೆ ನುಸುಳಿದ್ದನ್ನು ಅವನು ಕಣ್ಣಾರೆ ಕಂಡ. ಹಬ್ಬದ ದಿನವೂ ಬಂದ ಅಂದಮೇಲೆ ಇದು ದಾಳಿಯೇ ಸರಿ ಎಂದು ಅವರು ತೀರ್ಮಾನಿಸಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಪ್ರಾಯಶಃ ಮಷೀನು ಇಟ್ಟಿಲ್ಲವೆಂಬ ನಾಚಿಕೆಗೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡ. ಇಂಥ ದಿನ ತಾನೇ ಒಂದು ಹೆಜ್ಜೆ ಹಿಂದೆ ಸರಿದರೆ ತಪ್ಪಲ್ಲ ಎಂದೂ ಅನ್ನಿಸಿತು. ಮನೆಗೆ ಓಡಿ, ಮಂಗಳಮ್ಮನ ಡಬ್ಬಿಯಿಂದ ನೋಟು ತೆಗೆದುಕೊಂಡು ಮತ್ತೆ ಓಡಿಬಂದ.

“ಯಜಮಾನ್ರೇ! ಕಾರ್ಡು ಬೇಡ! ನಗದು ತಂದಿದ್ದೀನಿ!” ಎಂದು ನೋಟನ್ನು ಶಟರಿನ ಸಂದಿಯಲ್ಲಿ ತೂರಿಸಿದ.

ಒಳಗಿನ ಕತ್ತಲೆಯಲ್ಲಿ ಮೂವರೂ ಆ ನೋಟನ್ನು ಹಾವನ್ನು ನೋಡಿದ ಹಾಗೆ ನೋಡಿದರು.

“ಮುಟ್ಬ್ಯಾಡ ಕೃಷ್ಣಣ್ಣ!” ಎಂದು ನಾಗೇಂದ್ರ ಪಿಸುಗುಟ್ಟಿದ. “ನೋಟಿಗೆ ಪುಡಿ ಹಚ್ಚಿರ್ತಾರೆ. ಮುಟ್ಟಿ ನೀರಲ್ಲಿ ಅದ್ದುದ್ರೆ ಕೈ ಕೆಂಪಾಯ್ತದೆ. ಟೀವೀಲಿ ನೋಡಿವ್ನಿ.”

“ಅದು ಲಂಚ ಈಸ್ಕೊಳ್ಳೋರ್ಗಲ್ವೇನೋ?”

“ಈಗ ವ್ಯಾಪಾರ ಮಾಡೋರ್ಗೂ ಹಚ್ತಾರಂತೆ.”

ಕೃಷ್ಣಪ್ಪ ಪೊರಕೆಯ ಹಿಡಿಯಿಂದ ನೋಟನ್ನು ಮೆಲ್ಲಗೆ ಹೊರಕ್ಕೆ ತಳ್ಳಿದ. ಲಿಂಗರಾಜು ಮತ್ತೆ ಒಳಕ್ಕೆ ತಳ್ಳಿದ. ನೋಟು ಒಳಕ್ಕೂ ಹೊರಕ್ಕೂ ಓಡಾಡಿತು. ಎದುರು ಮನೆಯ ಮಹಡಿಯಿಂದ ದೇವಿರಮ್ಮ ಎಂಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದವಳು, “ಅಂಗಡಿ ತಗುದ್ಬುಡ್ರೋ, ಸರ್ಕಾರದೋರ ಹತ್ರ ಯಾಕ್ರೋ ಹಠ!” ಎಂದು ಕೂಗಿದಳು.

ಲಿಂಗರಾಜುವಿಗೆ ದುಃಖ ಉಕ್ಕಿಬಂತು. ಅಲ್ಲಿ ಅವ್ವನಿಗೆ ತಲೆ ಸುತ್ತುತ್ತಿದೆ. ಅಪ್ಪ ಎಲ್ಲಿಂದಲೋ ಹೊರಟು ಅರ್ಧ ದಾರಿಗೆ ಬಂದಿರಬಹುದು. ಅವನು ಶಟರಿಗೆ ಬಾಯಿ ಇಟ್ಟು ಕೂಗಿದ: “ನನಗೆ ಇನ್ನೇನೂ ಬೇಡ ಕಣ್ರೀ! ಬಾಳೆಲೆ, ಹೂವು, ಕಡ್ಲೆಪುರಿ, ಒಂದು ಕಟ್ಟು ಬೀಡಿ! ಅಷ್ಟು ಮಾಡಿಬಿಟ್ಟರೆ ನಿಮ್ಮ ತಂಟೆಗೇ ಬರಲ್ಲ!”

ಹೇಳಿ, ನೋಟನ್ನು ಜೇಬಿಗಿಟ್ಟು, ಕಣ್ಣೊರೆಸಿಕೊಂಡು, ಬರಿಗೈಯಲ್ಲಿ ಮನೆಗೆ ನಡೆದ.

ಮೂವರೂ ಶಟರಿನ ಸಂದಿಯಿಂದ ಅವನು ತಿರುವು ದಾಟುವವರೆಗೆ ನೋಡಿದರು. ಆಮೇಲೆ ಕೃಷ್ಣಪ್ಪ ನಿಟ್ಟುಸಿರು ಬಿಟ್ಟ. “ಕೇಳುದ್ರಾ? ಬಾಯಿಬುಟ್ಟು ಹೇಳ್ಬುಟ್ಟ. ಅಷ್ಟು ಮಾಡುದ್ರೆ ತಂಟೆಗೇ ಬರಲ್ವಂತೆ.”

“ಪಾಪ, ಕಡಿಮೇಲೇ ಮುಗಿಸ್ದ,” ಎಂದ ನಾಗೇಂದ್ರ. “ಇನ್ನೊಬ್ಬನಾಗಿದ್ರೆ ಸೈಟು ಕೇಳೋನು.”

“ಕೇಳಿದಷ್ಟೇ ಕೊಟ್ರೆ ಮರ್ಯಾದೆ ಅಲ್ಲ,” ಎಂದಳು ಬೆಟ್ಟಮ್ಮ.

ಹಾಗಾಗಿ ಸ್ವಲ್ಪ ಹೊತ್ತಿಗೆ ಲಿಂಗರಾಜುವಿನ ಮನೆ ಬಾಗಿಲಲ್ಲಿ ಒಂದು ಮೆರವಣಿಗೆ ನಿಂತಿತ್ತು. ಮುಂದೆ ಬೆಟ್ಟಮ್ಮ, ಮದುವೆ ಮನೆಗಾಗುವಷ್ಟು ಬಾಳೆಲೆಯ ಕಟ್ಟು, ಬುಟ್ಟಿ ತುಂಬ ಹೂವು. ನಡುವೆ ನಾಗೇಂದ್ರ, ಎರಡು ಕೈಯಲ್ಲೂ ಬೀಡಿಯ ಪೆಟ್ಟಿಗೆ. ಹಿಂದೆ ಕೃಷ್ಣಪ್ಪ, ಕಡ್ಲೆಪುರಿಯ ಮೂಟೆ ಬೆನ್ನಿಗೆ, ದೊಡ್ಡ ಸಿಹಿಗುಂಬಳಕಾಯಿ ಕಂಕುಳಲ್ಲಿ. ಕುಂಬಳಕಾಯಿಯನ್ನು ಯಾರೂ ಕೇಳಿರಲಿಲ್ಲ. ಅದು ಗೌರವಕ್ಕೆ.

ಲಿಂಗರಾಜುವಿನ ಮುಖ ಅರಳಿತು. ನೋಟು ಮುಂದೆ ಚಾಚಿದ. ಮೂವರೂ ಹೊರೆಯ ಸಮೇತ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

“ಬ್ಯಾಡಿ ಸಾ. ಇದೆಲ್ಲ ನಿಮ್ಗೇಯ. ನಮ್ಮ ಮೇಲೆ ಒಂದು ಕಣ್ಣಿಡಿ ಸಾ. ಅಲ್ಲ, ಕಣ್ಣಿಡಬ್ಯಾಡಿ ಸಾ,” ಎಂದ ಕೃಷ್ಣಪ್ಪ.

ಆಗ ಲಿಂಗರಾಜುವಿಗೆ ನಿಧಾನವಾಗಿ, ಕೊಡದಿಂದ ನೀರು ಸೋರಿದ ಹಾಗೆ, ವಿಷಯ ತಿಳಿಯತೊಡಗಿತು. “ನನ್ನನ್ನ ಯಾರು ಅಂದ್ಕೊಂಡಿದ್ದೀರಿ?”

“ನಾವೇನೂ ಅಂದ್ಕೊಂಡಿಲ್ಲ ಸಾ. ನಮಗೇನೂ ಗೊತ್ತಿಲ್ಲ,” ಎಂದ ಕೃಷ್ಣಪ್ಪ ಕಣ್ಣು ಮಿಟುಕಿಸಿ.

“ನಾನು ಆಫೀಸರ್ ಅಲ್ಲ ಕಣ್ರೀ!”

“ಅಯ್ಯೋ, ಯಾವ ಆಫೀಸರ್ ತಾನೆ ಅಂಗಂತ ಹೇಳ್ಕೊಂಡು ಬತ್ತಾನೆ ಸಾ?” ಎಂದ ನಾಗೇಂದ್ರ ಮೆಚ್ಚುಗೆಯಿಂದ.

“ದೇವರಾಣೆ ಅಲ್ಲ!”

ಕೃಷ್ಣಪ್ಪ ನಾಗೇಂದ್ರನ ಕಡೆ ತಿರುಗಿ, “ದೇವರಾಣೆ ಹಾಕೋ ಲೆವೆಲ್ಲು,” ಎಂದು ಮೆಲ್ಲಗೆ ಹೇಳಿದ.

ಲಿಂಗರಾಜು ಬಾಗಿಲಿಗೆ ಅಡ್ಡ ನಿಂತುಬಿಟ್ಟ. “ಹಾಗಾದರೆ ಇದು ಲಂಚ ಆಯ್ತು. ಲಂಚದ ಬೀಡಿ ನಮ್ಮಪ್ಪನ ಎಡೆಗೆ ಇಡಲ್ಲ. ದುಡ್ಡು ತಗೊಳ್ಳಿ, ಇಲ್ಲ ಸಾಮಾನು ತಗೊಂಡು ಹೋಗಿ.”

ಅವರು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ, ಸಾಮಾನನ್ನೂ ತೆಗೆದುಕೊಂಡು ಹೋಗಲಿಲ್ಲ. ಒಳಗೆ ಸಾರು ತಣ್ಣಗಾಗುತ್ತಿತ್ತು. “ರೀ, ಅತ್ತೆ ಕಣ್ಣು ಮೇಲಕ್ಕೆ ಹಾಕ್ತಾವ್ರೆ ಕಣ್ರೀ!” ಎಂದು ಮಂಗಳಮ್ಮ ಕೂಗಿದಳು. ಹಕ್ಕು ಒಂದು ಕಡೆ, ಅಪ್ಪ ಒಂದು ಕಡೆ, ಅವ್ವ ಒಂದು ಕಡೆ. ಲಿಂಗರಾಜು ಹೊಸಲಿನ ಮೇಲೆ ಕುಂಬಳಕಾಯಿಯ ಹಾಗೆ ಕೂತುಬಿಟ್ಟ.

ಆಗ ಪುಟ್ಟಮಾದಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಮೂವರನ್ನೂ ಅವರ ಹೊರೆಗಳನ್ನೂ ನೋಡಿದಳು.

“ಏನಂತೋ ಇದು?”

“ಲಂಚ ಕಣವ್ವ.”

“ಪುಗಸಟ್ಟೆ ಈಸ್ಕೊಂಡ್ರೆ ಲಂಚ. ಎಡೆ ಮನೆಗೆ ಬಂದೋರು ಉಣ್ಣದೆ ಹೋಯ್ತಾರಾ? ಬೀಡಿಗೆ ಊಟ, ಎಲೆಗೆ ಊಟ, ಪುರಿಗೆ ಊಟ. ಸರಿಗೆ ಸರಿ ಆಯ್ತಲ್ಲ, ಇನ್ನೆಲ್ಲಿ ಲಂಚ?” ಎಂದು ಕೃಷ್ಣಪ್ಪನ ಕಂಕುಳಿನಿಂದ ಕುಂಬಳಕಾಯಿಯನ್ನು ಕಿತ್ತುಕೊಂಡಳು. “ಬನ್ರಪ್ಪ ಒಳೀಕೆ. ಕೈಕಾಲು ತೊಳ್ಕಳಿ. ಲೋ, ಎಲೆ ಹಾಸೋ.”

ಯಾವ ವಕೀಲರೂ ಇಷ್ಟು ಚುಟುಕಾಗಿ ಕಾನೂನು ಹೇಳಿದ್ದಿಲ್ಲ. ಎಡೆ ಬಿತ್ತು. ಬಾಡು, ಕಜ್ಜಾಯ, ಪುರಿ, ಎಲೆಯ ಬಲತುದಿಗೆ ಬೀಡಿಯ ಕಟ್ಟು. ಪಕ್ಕದಲ್ಲೇ ಒಂದು ಬೆಂಕಿಪೊಟ್ಟಣ. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಆಚೆ ನಿಂತರು. ವ್ಯಾಪಾರಿಗಳೂ ನಿಂತರು. ಒಳಗೆ ಏನೋ ಸದ್ದಾದಂತಾಗಿ ಪುಟ್ಟಮಾದಮ್ಮ, “ಬಂದವ್ರೆ,” ಎಂದಳು. ಕೃಷ್ಣಪ್ಪ ಟೋಪಿ ತೆಗೆದ.

ಆಮೇಲೆ ಊಟಕ್ಕೆ ಕೂತರು. ಹೊಟ್ಟೆ ತುಂಬುತ್ತ ಬಂದಂತೆ ಕೃಷ್ಣಪ್ಪನ ಕಣ್ಣು ಸುತ್ತ ಹರಿದಾಡಿತು. ಹಗ್ಗದ ಮೇಲೆ ಒಂದು ನೀಲಿ ಅಂಗಿ ಒಣಗುತ್ತಿತ್ತು, ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು. ಮೂಲೆಯಲ್ಲಿ ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ತಂತಿಯ ಕಟ್ಟು. ಸೋಫಾ ಇರಲಿಲ್ಲ. ಇಪ್ಪತ್ತು ವರ್ಷ ಅಂಗಡಿ ನಡೆಸಿದ ಕೃಷ್ಣಪ್ಪ ಸೋಫಾ ಇಲ್ಲದ ಇನ್‌ಸ್ಪೆಕ್ಟರನ್ನು ಕಂಡವನಲ್ಲ.

“ಸಾ,” ಎಂದ ಬಾಯಲ್ಲಿದ್ದ ಮೂಳೆ ತೆಗೆದು, “ನಿಜ ಹೇಳಿ. ಯಾವ ಡಿಪಾರ್ಟ್‌ಮೆಂಟು ನೀವು?”

“ಪ್ಯಾಕಿಂಗು,” ಎಂದ ಲಿಂಗರಾಜು, ಸಾರಿನ ಸೌಟು ಹಿಡಿದುಕೊಂಡು.

ನಾಗೇಂದ್ರನ ಕೈ ಎಲೆಯ ಮೇಲೇ ನಿಂತಿತು. ಬೆಟ್ಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯತೊಡಗಿತು.

“ಪ್ಯಾಕಿಂಗಾ!” ಕೃಷ್ಣಪ್ಪ ಹಣೆ ಚಚ್ಚಿಕೊಂಡ. “ಪ್ಯಾಕಿಂಗಿನೋನಿಗೆ ಹೆದ್ರಿ ಒಂದು ಮೂಟೆ ಪುರಿ ಹೊತ್ಕೊಂಡು ಬಂದ್ನಲ್ಲೋ! ಕೊಡಿ ಸಾ ನನ್ನ ದುಡ್ಡು!”

ಲಿಂಗರಾಜು ಸಂತೋಷದಿಂದ ಜೇಬಿಗೆ ಕೈ ಹಾಕಿದ. ಪುಟ್ಟಮಾದಮ್ಮ ತಡೆದಳು.

“ಈಗ ಈಸ್ಕೊಳಂಗಿಲ್ಲ ಕಣಪ್ಪಾ. ಎಡೆಗೆ ಇಟ್ಟಾಯ್ತು. ಹಿರೀಕರು ಉಂಡಾದ್ಮೇಲೆ ದುಡ್ಡು ಈಸ್ಕೊಂಡ್ರೆ ಸತ್ತೋರಿಗೆ ವ್ಯಾಪಾರ ಮಾಡ್ದಂಗೆ. ಆಮೇಲೆ ನಮ್ಮ ಯಜಮಾನ್ರು ದಿನಾ ನಿನ್ನಂಗಡಿಗೇ ಬತ್ತಾರೆ, ನೋಡ್ಕೋ.”

ಕೃಷ್ಣಪ್ಪ ಮುಚ್ಚಿದ್ದ ಎಡೆಯ ಕೋಣೆಯ ಕಡೆ ನೋಡಿದ. ದುಡ್ಡಿನ ಕಡೆ ನೋಡಿದ. ಅರ್ಧ ಎದ್ದವನು ಮತ್ತೆ ಚಕ್ಕಳಮಕ್ಕಳ ಹಾಕಿ ಭದ್ರವಾಗಿ ಕೂತು, ಅಂಗಿಯ ತೋಳು ಮೇಲೇರಿಸಿದ.

“ಊಟಕ್ಕೆ ಸರಿಗೆ ಸರಿ ಅಂದ್ರಲ್ವಾ ಅಮ್ಮಾ?”

“ಅಂದೆ.”

“ಹಂಗಾದ್ರೆ ಹಾಕ್ಸಿ ಬಾಡು,” ಎಂದ.

ಉಂಡ. ಪುರಿಯ ಮೂಟೆಯ ಲೆಕ್ಕಕ್ಕೆ ಮುದ್ದೆಗಳು ಸಾರಿನಲ್ಲಿ ಮುಳುಗಿ ಹೊಟ್ಟೆಗಿಳಿದವು. ಆಮೇಲೆ ಕುಂಬಳಕಾಯಿಯ ಬಾಬ್ತು ಕಜ್ಜಾಯಗಳು ಒಂದೊಂದಾಗಿ ಹೋದವು. ಬೆವರು ಒರೆಸಿಕೊಂಡು, ಸೊಂಟದ ಉಡಿದಾರ ಸಡಿಲಿಸಿಕೊಂಡು, ಹಲ್ಲು ಕಚ್ಚಿಕೊಂಡು ಉಂಡ. ಮಂಗಳಮ್ಮ ಪಾತ್ರೆಯ ತಳ ನೋಡಿ ಗಾಬರಿಯಾದಳು.

ಲಿಂಗರಾಜು ಮಾತ್ರ ಪಕ್ಕದಲ್ಲೇ ಬಗ್ಗಿ ನಿಂತು, ಒಂದು ಹನಿಯೂ ಎಲೆಯಾಚೆ ಬೀಳದಂತೆ, ಎರಡೂ ಕೈಯಿಂದ ಬಡಿಸುತ್ತಿದ್ದ. ಅವನ ಕಣ್ಣು ತುಂಬಿಬಂದಿತ್ತು. ಈ ಬೀದಿಗೆ ಬಂದಮೇಲೆ ಮೊದಲ ಸಲ ಒಬ್ಬ ಅಂಗಡಿಯವನು ಅವನು ಕೊಟ್ಟದ್ದನ್ನು, ಯಾಕೆ ಎಂದು ಕೇಳದೆ, ತೆಗೆದುಕೊಳ್ಳುತ್ತಿದ್ದ.